ಇಂಜಿನಿಯರರ ಹುಲ್ಲುಹಾಸು

ನಂಬುವುದಾದರೆ ನಂಬಿ, ಇಲ್ಲವಾದರೆ ಅರಾಹುನೊ ನದಿಯ ದಡಕ್ಕೆ ಬಂದು ನೀವೇ ನೋಡಿ. ಮರಗಳು ಈಗಲೂ ಅಲ್ಲೇ ನಿಂತಿವೆ. ನಾನು ಬೇರೆಯವರ ಧ್ವನಿ ಕದಿಯುತ್ತೇನೆ, ಒಪ್ಪಿಕೊಳ್ಳುತ್ತೇನೆ. ಆದರೆ ನಡೆದದ್ದನ್ನು ಕದ್ದು, ತಿರುಚಿ, ಬಣ್ಣ ಬಳಿದು ಮಾರುವ ಅಭ್ಯಾಸ ನನಗಿಲ್ಲ. ಅದಕ್ಕೆ ನಮ್ಮೂರಲ್ಲಿ ಬೇರೆ ಜನ ಇದ್ದರು, ಅವರಿಗೆ ಕಚೇರಿಯೂ ಇತ್ತು.

ಆ ಕಚೇರಿಯ ಮುಂದೆ ಒಂದು ಹುಲ್ಲುಹಾಸು. ಎಂಥ ಹುಲ್ಲು ಅಂತೀರಿ, ಮಗುವಿನ ತಲೆಗೂದಲಿನ ಹಾಗೆ. ಅದನ್ನು ಬೆಟ್ಟದ ಮೇಲಿನ ರಾಜಧಾನಿ ಕೀಟೊ ನಗರದಿಂದ ಸುರುಳಿ ಸುತ್ತಿ ಲಾರಿಯಲ್ಲಿ ತಂದು, ದೋಣಿಗೆ ಹೇರಿ, ನಮ್ಮೂರು ಪುಮಾಯಾಕುವಿನ ದಡದಲ್ಲಿ ಚಾಪೆಯಂತೆ ಬಿಚ್ಚಿ ಹಾಸಿದ್ದರು. ಹಾಸುವುದಕ್ಕೆ ಮೊದಲು ಅಲ್ಲಿದ್ದ ಮರಗಳನ್ನು ಕಡಿಯಬೇಕಲ್ಲ, ಕಡಿದಿದ್ದರು. ಅದರ ಮೇಲೆ ವಾಲಿಬಾಲ್ ಬಲೆ, ಮಲಗಲು ಒಂದು ತೂಗುಬಲೆ, ಒಂದು ಸಾಲು ಗುಲಾಬಿ. ಪಕ್ಕದಲ್ಲಿ ಹಲಗೆ: 'ಮಳೆಕಾಡು ಮರುಹುಟ್ಟು ಕೇಂದ್ರ. ಹುಲ್ಲಿನ ಮೇಲೆ ನಡೆಯಬೇಡಿ.'

ಕೇಂದ್ರದ ಮುಖ್ಯಸ್ಥರು ಕೀಟೊದ ಫಾಬ್ರಿಸಿಯೊ ಮಂಚೇನೊ. ಎಲ್ಲರೂ ಇಂಜಿನಿಯರ್ ಎನ್ನುತ್ತಿದ್ದರು. ಅವರು ಕಟ್ಟಿದ ಸೇತುವೆ ಯಾವುದು ಎಂದು ಯಾರೂ ಕೇಳಲಿಲ್ಲ; ನಮ್ಮ ದೇಶದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟವರೆಲ್ಲ ಇಂಜಿನಿಯರರೇ. ಅವರ ಬಳಿಗೆ ತಂಡ ತಂಡವಾಗಿ ಯುರೋಪಿನ ಹುಡುಗ ಹುಡುಗಿಯರು ಬರುತ್ತಿದ್ದರು. ಕೈಯಿಂದ ಕಾಸು ಕೊಟ್ಟು ಕೂಲಿ ಮಾಡುವವರು. ಗುಂಡಿ ತೋಡಿ, ಸಸಿ ನೆಟ್ಟು, ಪ್ರತಿ ಸಸಿಗೂ ತಮ್ಮ ಹೆಸರಿನ ಪುಟ್ಟ ಹಲಗೆ ಕಟ್ಟಿ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಅತ್ತು, ಹೋಗುತ್ತಿದ್ದರು. ಅವರನ್ನು ಸ್ವಯಂಸೇವಕರು ಎನ್ನುತ್ತಾರೆ. ಪದ ಸರಿಯಾಗಿಯೇ ಇದೆ: ಸ್ವಯಂ ತಮಗೆ ತಾವೇ ಮಾಡಿಕೊಳ್ಳುವ ಸೇವೆ.

ನಾನು ಹೋಲ್ಗರ್ ಗ್ರೇಫಾ. ತೇನಾ ಪಟ್ಟಣದ ಕಾಲೇಜಿನಲ್ಲಿ ಪ್ರವಾಸೋದ್ಯಮ ಓದಿ, ಆ ಕೇಂದ್ರದಲ್ಲಿ ದುಭಾಷಿಯಾಗಿದ್ದೆ. ಊರವರ ಕೀಚ್ವಾ ಮಾತನ್ನು ಬಂದವರಿಗೆ, ಬಂದವರ ಮಾತನ್ನು ಊರವರಿಗೆ ದಾಟಿಸುವುದು ಕೆಲಸ. ಈಗ ಆ ಕೆಲಸ ಇಲ್ಲ. ಹಾಗಾಗಿ ಬಾಯಿ ಬಿಡಬಹುದು.

ಇಷ್ಟೂ ಸಹಿಸಿಕೊಂಡಿದ್ದೆವು. ಹೋಗಲಿ, ಮಕ್ಕಳು, ಮಣ್ಣಲ್ಲಿ ಆಡಿಕೊಳ್ಳಲಿ ಎಂದು. ಆದರೆ ಅವರು ಒಲಿಂಪಿಯಾ ಅತ್ತೆಯ ಮುದಿತೋಟಕ್ಕೆ ಕೈ ಹಾಕಿದರು.

ಮುದಿತೋಟ ಎಂದರೆ ಹಾಳುಬಿಟ್ಟ ಜಮೀನಲ್ಲ. ಹೆಂಗಸರು ಮೊದಲು ಮರಗೆಣಸು, ಬಾಳೆ ಹಾಕುತ್ತಾರೆ. ಗೆಣಸು ಕಿತ್ತ ಮೇಲೆ ಅಲ್ಲಿ ಚೋಂಟಾ ತಾಳೆ, ಎಲೆ ಕುದಿಸಿ ಕುಡಿಯುವ ಗುವಾಯೂಸಾ, ಸೂರಿಗೆ ಹೊದಿಸುವ ಗರಿಯ ಗಿಡ, ಹಣ್ಣಿನ ಮರ, ಜ್ವರಕ್ಕೆ ಬೇಕಾದ ಬಳ್ಳಿ ಎಲ್ಲವನ್ನೂ ಊರಿ, ತೋಟಕ್ಕೆ ವಯಸ್ಸಾಗಲು ಬಿಡುತ್ತಾರೆ. ಮೇಲಿನಿಂದ ನೋಡಿದವನಿಗೆ ಪೊದೆ. ಒಳಗೆ ನಡೆದವಳಿಗೆ ಉಗ್ರಾಣ. ಇಂಜಿನಿಯರರು ಮೇಲಿನಿಂದ ನೋಡಿದ್ದರು. ಅವರ ಹತ್ತಿರ ಹಾರುವ ಕ್ಯಾಮೆರಾ ಇತ್ತು, ಕಾಲಿಗೆ ಬೂಟೂ ಇತ್ತು. ಬೂಟು ಮಾತ್ರ ಹುಲ್ಲುಹಾಸು ದಾಟುತ್ತಿರಲಿಲ್ಲ.

ಮೊದಲ ದಿನ ಅತ್ತೆಗೆ ಸಂತೋಷವಾಗಿತ್ತು. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ನನ್ನನ್ನು ಇಂಜಿನಿಯರರು ಸಸಿ ತರಲು ತೇನಾಕ್ಕೆ ಕಳಿಸಿದ್ದರು. ಮಧ್ಯಾಹ್ನ ದೋಣಿ ಕಟ್ಟುವಾಗ ಅತ್ತೆ ದಡದ ಮೇಲೆ ಓಡೋಡಿ ಬರುತ್ತಿದ್ದಳು. ಕಂಕುಳಲ್ಲಿ ಚೀಚಾದ ಗಡಿಗೆ, ಕೈಯಲ್ಲಿ ಸೋರೆ ಬುರುಡೆಯ ಬಟ್ಟಲು.

"ಬಿರ್‍ನೆ ಬಾರ್ಲಾ ಗಿಣಿ," ಎಂದಳು. ಸದ್ದು ಅಣಕಿಸುತ್ತೇನೆಂದು ಊರಿಗೆಲ್ಲ ನಾನು ಗಿಣಿ. "ನಿಮ್ ಬಿಳೀ ಮಕ್ಳು ನನ್ ತ್ವಾಟಕ್ಕೆ ಬಂದವ್ರೆ. ಕತ್ತಿ ಹಿಡ್ಕಂಡು, ಸಾಲಾಗಿ. ಯಾರೋ ಹೇಳವ್ರೆ ಕಣ್ಲಾ ಅವ್ರಿಗೆ, ಮುದುಕಿ ಒಬ್ಳೇ, ಕಳೆ ಕೀಳಾಕೆ ಆಗ್ತಾ ಇಲ್ಲ ಅಂತ. ಇದು ಎಲ್ಡನೇ ಗಡಿಗೆ. ಮೊದಲ್ನೇದು ಅಂಚಲ್ಲೇ ಕುಡ್ದು ಖಾಲಿ ಮಾಡವ್ರೆ, ಒಳಕ್ಕೋಗಿ ನೋಡಾಕೂ ನಂಗೆ ಪುರುಸೊತ್ತಿಲ್ಲ."

ಅವಳ ತಪ್ಪೇನಿದೆ? ನಮ್ಮಲ್ಲಿ ಒಬ್ಬಳ ಜಮೀನಿಗೆ ಹತ್ತು ಜನ ಕತ್ತಿ ಹಿಡಿದು ಬಂದರೆ ಅದು ಮಿಂಗಾ, ಕೈಗೆ ಕೈ ಸೇರಿಸುವ ಕೆಲಸ. ಇವತ್ತು ನೀವು ನನ್ನ ತೋಟಕ್ಕೆ, ನಾಳೆ ನಾನು ನಿಮ್ಮ ತೋಟಕ್ಕೆ. ಬಂದವರ ಬಾಯಿ ಒಣಗದಂತೆ ಒಡತಿ ಚೀಚಾ ಹೊಯ್ಯುತ್ತಲೇ ಇರಬೇಕು. ಮರಗೆಣಸು ಬೇಯಿಸಿ, ಅಗಿದು, ಹುಳಿಬರಿಸಿದ ಗಂಜಿ ಅದು; ಮಾಡುವ ಕೈಗೂ ದವಡೆಗೂ ನೋವು ಬರುವಷ್ಟು ಕೆಲಸ. ಕರೆಯದೆ ಬಂದು ಕಡಿದು ಹೋಗುವವರಿಗೂ ನಮ್ಮಲ್ಲಿ ಒಂದು ಪದವಿದೆ. ಆದರೆ ಅಂಥವರು ಬಟ್ಟಲಿಗೆ ಕೈಚಾಚಿ, ನಕ್ಕು, ಇನ್ನಷ್ಟು ಕೇಳುತ್ತಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ನಾಳೆ ನಾಡಿದ್ದು ಅವ್ರ ತ್ವಾಟಕ್ಕೆ ನಾವೂ ಹೋಗ್ಬೇಕಲ್ವಾ," ದಾರಿಯುದ್ದಕ್ಕೂ ಅವಳದೇ ಲೆಕ್ಕಾಚಾರ. "ಎಲ್ಲೈತ್ಲಾ ಅವ್ರ ತ್ವಾಟ? ಆ ಉದ್ದದ್ ಹುಡ್ಗಿ, ಲೋಟೆ, ಬೆಲ್ಜಿಯಮ್ಮು ಅಂದ್ಳು. ಅದು ತೇನಾದಿಂದ ಆಚೆನಾ?"

"ಸ್ವಲ್ಪ ಆಚೆ," ಎಂದೆ.

ತೋಟದ ಅಂಚಿನಲ್ಲಿ ಹುಡುಗರು ಕೂತಿದ್ದರು. ಕೆಂಪಗೆ ಬೆಂದ ಮುಖ, ಮೇಲ್ದುಟಿಗೆ ಚೀಚಾದ ಬಿಳಿ ಮೀಸೆ. ಲೋಟೆ ಎದ್ದು ಬಂದು ಅತ್ತೆಯನ್ನು ಅಪ್ಪಿಕೊಂಡಳು. ಅವಳ ಸ್ಪ್ಯಾನಿಷ್ ಭಾಷೆ ಹೊಸ ಚಪ್ಪಲಿಯ ಹಾಗೆ, ನಡೆಯುವವಳಿಗೂ ನೋವು, ಕೇಳುವವರಿಗೂ ನೋವು. "ಅಮ್ಮ, ನಾವು ನಿಮಗೆ ಕಾಡು ಮಾಡುವುದು. ತುಂಬಾ ಪ್ರೀತಿ ಇದೆ."

ಅತ್ತೆ ಅವಳ ಬೆನ್ನು ತಟ್ಟಿ, ಪಕ್ಕಕ್ಕೆ ಸರಿಸಿ, ಒಳಗೆ ನಡೆದಳು. ನಾನು ಹಿಂದೆ ಹೋದೆ.

ಒಳಗೆ ಬೆಳಕು. ಬೆಳಕು ಇರಬಾರದ ಕಡೆ ಬೆಳಕು. ಗುವಾಯೂಸಾ ಗಿಡಗಳು ಬುಡಕ್ಕೇ ಕಡಿಸಿಕೊಂಡು ಮಲಗಿದ್ದವು, ಎಲೆ ಇನ್ನೂ ಬಾಡಿರಲಿಲ್ಲ. ಚೋಂಟಾ ತಾಳೆಗಳನ್ನು ಕೇಂದ್ರದ ಯಂತ್ರದ ಗರಗಸ ತುಂಡು ತುಂಡು ಮಾಡಿತ್ತು. ಕಾಯಿಗೊಂಚಲುಗಳು ಮಣ್ಣಿನಲ್ಲಿ ಒಡೆದುಹೋಗಿದ್ದವು. ಜ್ವರದ ಬಳ್ಳಿ ಎಲ್ಲಿತ್ತೋ ಅಲ್ಲಿ ನೆಟ್ಟಗೆ ಕೋಲು ಊರಿ ಕೆಂಪು ದಾರ ಎಳೆದಿದ್ದರು, ಸಸಿಯ ಸಾಲು ಸೊಟ್ಟವಾಗಬಾರದೆಂದು. ತೋಟದ ಒಂದು ಮಗ್ಗುಲು ಪೂರ್ತಿ ಹೋಗಿತ್ತು. ಉಳಿದದ್ದು ದಾರದ ಆಚೆ, ನಾಳೆಗಾಗಿ ಕಾಯುತ್ತಿತ್ತು.

 ಅತ್ತೆ ಅಂಚಿಗೆ ವಾಪಸು ಬಂದಳು. ಕೂತಿದ್ದ ಒಬ್ಬೊಬ್ಬರ ಕೈಯಿಂದಲೂ ಬಟ್ಟಲು ಕಿತ್ತುಕೊಂಡು ಉಳಿದದ್ದನ್ನು ನೆಲಕ್ಕೆ ಚೆಲ್ಲಿದಳು. ಅವರು ಅದೂ ಏನೋ ಒಂದು ಆಚರಣೆ ಎಂದುಕೊಂಡು ಗೌರವದಿಂದ ತಲೆ ಬಗ್ಗಿಸಿದರು.

ಇಂಜಿನಿಯರರು ತೂಗುಬಲೆಯಲ್ಲಿದ್ದರು. ಅತ್ತೆ ಹುಲ್ಲುಹಾಸಿನ ಅಂಚಿನಲ್ಲಿ ನಿಂತಳು. ಮೇಲೆ ನಡೆಯಬಾರದಲ್ಲ, ಹಲಗೆ ಇತ್ತಲ್ಲ. ಅಲ್ಲಿಂದಲೇ ಶುರು ಮಾಡಿದಳು. ಅವಳು ಏನೆಂದಳೋ ಅದನ್ನು ಅಷ್ಟನ್ನೂ ನಾನು ಸ್ಪ್ಯಾನಿಷಿಗೆ ದಾಟಿಸಿದೆ, ಉಗುಳಿದ ಜಾಗದಲ್ಲಿ ಮಾತ್ರ ಉಗುಳಲಿಲ್ಲ.

"ಕೇಳು ಅವ್ನ, ಅವನವ್ವನ್ ಅಡಿಗೆಮನೆಗೆ ಜನ ನುಗ್ಸಿ ಮಡಕೆ ಒಡ್ಸುದ್ರೆ ಸುಮ್ಕಿರ್ತಾನಾ ಅಂತ. ಕೇಳು ಅವ್ನ, ನಾನ್ ಊರಿದ್ದು ಅವ್ನ್ ಕಣ್ಗೆ ಕಸನಾ ಅಂತ. ಆ ತಾಳೆ ಹಾಕುವಾಗ ನಿಮ್ಮಾವ ಬದುಕಿದ್ದ. ಹೇಳು."

ಹೇಳಿದೆ. ಇಂಜಿನಿಯರರು ತಲೆದೂಗುತ್ತ ಕೇಳಿದರು. ಮುಖದ ಮೇಲೆ ಆ ನಗು ಇತ್ತು, ಸಂತೆಯಲ್ಲಿ ಬೇರೆಯವರ ಮಗುವನ್ನು ನೋಡಿ ನಗುವ ನಗು.

"ಎಷ್ಟು ಆಳವಾದ ಭಾವನೆ ನೋಡು," ಎಂದರು ನನಗೆ. "ಇದನ್ನೇ ನಾನು ಎಲ್ಲಾ ಕಡೆ ಹೇಳೋದು, ಇವರಿಗೆ ಭೂಮಿ ಜೊತೆ ಎಂಥ ನಂಟು ಅಂತ." ಆಮೇಲೆ ಗಂಟಲು ಸರಿಮಾಡಿಕೊಂಡು, ನಿಟ್ಟುಸಿರು ಬಿಟ್ಟು, "ನೋಡು ಹೋಲ್ಗರ್, ನಿಮ್ಮತ್ತೆಗೆ ಹೇಳು. ಪ್ರಕೃತಿಗೆ ಯಜಮಾನರು ಅಂತ ಯಾರೂ ಇರಲ್ಲ. ನಾವೆಲ್ಲ ಅವಳ ಮಕ್ಕಳು. ಆ ಪೊದೆ ಹೋಗಿ ನಿಜವಾದ ಕಾಡು ಬರುತ್ತೆ, ಅವರಿಗೇ ಒಳ್ಳೇದು. ಮತ್ತೆ, ಆ ಕಾಲು ಸ್ವಲ್ಪ ಹಿಂದಕ್ಕೆ ಇಟ್ಕೊಳೋಕೆ ಹೇಳು. ಹುಲ್ಲು ಈಗಷ್ಟೇ ಕತ್ತರಿಸಿದ್ದು."

ಅದನ್ನೂ ದಾಟಿಸಿದೆ. ಅತ್ತೆ ನನ್ನನ್ನು ನೋಡಿದಳು, ಅವರನ್ನಲ್ಲ.

"ಇಂಥ ಮಾತು ಹೊತ್ಕಂಡ್ ಬರಾಕೆ ನಿನ್ ನಾಲ್ಗೆಗೆ ಅಸಹ್ಯ ಆಗಾಕಿಲ್ವಾ?" ಎಂದು ಕೇಳಿ ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು, ಎಂದಿನಂತೆ ಅವಳ ಮನೆಗೆ ಹೋದೆ. ಬೆಳಗಿನ ಜಾವ ಒಲೆಯ ಸುತ್ತ ಕೂತು ಗುವಾಯೂಸಾ ಎಲೆಯ ಕಷಾಯ ಕುಡಿಯುವುದು, ರಾತ್ರಿ ಬಿದ್ದ ಕನಸು ಹೇಳಿಕೊಳ್ಳುವುದು, ಒಬ್ಬರನ್ನೊಬ್ಬರು ಗೇಲಿ ಮಾಡುವುದು ನಮ್ಮಲ್ಲಿ ದಿನದ ಆರಂಭ. ಅವಳು ನನಗೊಂದು ಬಟ್ಟಲು ಕೊಟ್ಟಳು. ಅದು ಕಡಿದ ಗಿಡದಿಂದ ಆರಿಸಿ ತಂದ ಎಲೆ.

"ಕನಸು ಏನಾದ್ರೂ ಬಿತ್ತಾ ಅತ್ತೆ?"

"ನಿದ್ದೆ ಬಂದ್ರಲ್ವಾ ಕನಸು ಬೀಳೋದು."

ಅವತ್ತು ಇಂಜಿನಿಯರರು ತೇನಾಕ್ಕೆ ಹೋಗುವವರಿದ್ದರು. ಕೇಂದ್ರಕ್ಕೆ ದುಡ್ಡು ಕೊಡುವ ಸಂಸ್ಥೆಯಿಂದ ಶ್ರೀಮತಿ ವೀಗಾಂಡ್ ಎಂಬ ಜರ್ಮನ್ ಹೆಂಗಸು ಮರುದಿನ ಬರಲಿದ್ದಳು, ಅವಳನ್ನು ಕರೆತರಲು. ಅಷ್ಟರಲ್ಲಿ ಮುದಿತೋಟದ ಉಳಿದ ಭಾಗವನ್ನೂ ಕಡಿದು ಎಲ್ಲಾ ಸಸಿ ನೆಟ್ಟಿರಬೇಕು, ಅವಳಿಗೆ ತೋರಿಸಬೇಕು ಎಂದು ಹುಡುಗರಿಗೆ ಆಜ್ಞೆಯಾಗಿತ್ತು. ಇದನ್ನೆಲ್ಲ ಅತ್ತೆಗೆ ಹೇಳುತ್ತ ಹೇಳುತ್ತ, ಬೇಕೆಂದು ಅಲ್ಲ, ನನ್ನ ಗಂಟಲೇ ಹಾಗೆ, ಆಜ್ಞೆಯ ಭಾಗ ಇಂಜಿನಿಯರರ ಧ್ವನಿಯಲ್ಲೇ ಹೊರಬಂತು. ಗಂಟಲು ಸರಿಮಾಡಿಕೊಳ್ಳುವುದು, ನಿಟ್ಟುಸಿರು, 'ನೋಡಿ ಮುದ್ದು ಮಕ್ಕಳೇ' ಎಂದು ಮೂಗಿನಲ್ಲಿ ಎಳೆಯುವುದು, ಎಲ್ಲ.

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಅವತ್ತು ಬಟ್ಟಲು ಕೆಳಗಿಟ್ಟಳು.

"ಇನ್ನೊಂದ್ ಸಲ ಮಾಡು."

ಮಾಡಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಆ ಮಕ್ಳು ಇವನ ಮಕ ನೋಡಿ ಕೆಲ್ಸಕ್ಕೆ ಹೋಗ್ತವಾ, ಇಲ್ಲಾ ದನಿ ಕೇಳ್ಕಂಡಾ?"

 ಇಂಜಿನಿಯರರು ಬೆಳಿಗ್ಗೆ ಕೋಣೆಯಿಂದ ಹೊರಗೇ ಬರುವುದಿಲ್ಲ. ಅವರ ಆಜ್ಞೆಗಳೆಲ್ಲ ವಾಕಿಟಾಕಿಯಲ್ಲಿ. ಒಂದು ಹುಡುಗರ ಬಳಿ, ಒಂದು ನನ್ನ ಬಳಿ, ಒಂದು ಅವರ ಸೊಂಟದಲ್ಲಿ. ದೋಣಿ ನದಿಯ ತಿರುವು ದಾಟಿದರೆ ಆ ಪೆಟ್ಟಿಗೆ ಸತ್ತ ಹಾಗೆ. ಇದು ನಮಗೆ ಗೊತ್ತು, ಹೊಸದಾಗಿ ಬಂದ ಹುಡುಗರಿಗೆ ಗೊತ್ತಿಲ್ಲ.

"ದನಿ ಕೇಳ್ಕಂಡು," ಎಂದೆ.

"ಹಂಗಾರೆ ಇವತ್ತಾದ್ರೂ ಆ ನಾಲ್ಗೆ ಮನೆ ಕೆಲ್ಸಕ್ಕೆ ಬರ್ಲಿ."

ಇಂಜಿನಿಯರರ ದೋಣಿ ತಿರುವು ದಾಟಿ ಸದ್ದಡಗಿದ ಮೇಲೆ ನಾವಿಬ್ಬರೂ ಅವಳ ಅಡಿಗೆಮನೆಯಲ್ಲಿ ಕೂತೆವು. ದೋಣಿಯ ಎಂಜಿನ್ನಿನ ಸದ್ದು ಬೇಕಿತ್ತು. ಅದನ್ನು ಬಾಯಲ್ಲಿ ಮಾಡಬಲ್ಲೆ, ಆದರೆ ಎಂಜಿನ್ನೂ ಇಂಜಿನಿಯರೂ ಒಟ್ಟಿಗೆ ಒಂದೇ ಬಾಯಲ್ಲಿ ಹಿಡಿಸುವುದಿಲ್ಲ. ಅತ್ತೆ ಜೋಳ ಬೀಸುವ ಕೈಯಂತ್ರ ಎಳೆದುಕೊಂಡು, ಒಂದು ಹಿಡಿ ಜೋಳ ಸುರಿದು, ಹಲ್ಲು ಕಚ್ಚಿ ತಿರುಗಿಸತೊಡಗಿದಳು. ನಾನು ವಾಕಿಟಾಕಿಯ ಗುಂಡಿ ಒತ್ತಿದೆ.

ಗಂಟಲು ಸರಿಮಾಡಿಕೊಂಡೆ. ನಿಟ್ಟುಸಿರು ಬಿಟ್ಟೆ.

"ನೋಡಿ, ಮುದ್ದು ಮಕ್ಕಳೇ. ದೋಣಿಯಿಂದ ಮಾತಾಡ್ತಾ ಇದ್ದೀನಿ. ಕೇಳಿಸ್ತಿದೆಯಾ?"

"ಕೇಳಿಸುತ್ತದೆ, ಇಂಜಿನಿಯರ್," ಲೋಟೆಯ ದನಿ. "ನಾವು ತೋಟಕ್ಕೆ ಹೊರಟು ಇದ್ದೇವೆ. ಕತ್ತಿ ಹರಿತ ಆಗಿದೆ."

ಅತ್ತೆ ಇನ್ನೂ ಜೋರಾಗಿ ತಿರುಗಿಸಿದಳು.

"ಹೋಗಬೇಡಿ. ನಿಲ್ಲಿ. ನೋಡಿ, ನದಿ ನನ್ನ ಕಣ್ಣು ತೆರೆಸಿತು. ನಾನು ತಪ್ಪು ಮಾಡಿದೆ. ನಾವು ನಿನ್ನೆ ಕಡಿದದ್ದು ಪೊದೆಯಲ್ಲ, ಒಬ್ಬ ಹೆಂಗಸು ಬದುಕಿಡೀ ನೆಟ್ಟ ತೋಟ. ಅವಳು ಕೊಟ್ಟ ಚೀಚಾ ಕುಡಿಯುತ್ತ ಕಡಿದಿರಿ. ನಾನೇ ಕಡಿಸಿದೆ. ಇನ್ನು ಅಲ್ಲಿ ಯಾರೂ ಕತ್ತಿ ಎತ್ತಕೂಡದು."

 ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸಿಟ್ಟು ಬಂದಾಗ ನನಗೆ ಬೇರೆಯವರ ಧ್ವನಿ ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ.

"ಹಾಗಾದರೆ ಸಸಿಗಳನ್ನು ಎಲ್ಲಿ ನೆಡಬೇಕು ಅಂತ ಕೇಳ್ತೀರಿ. ನೋಡಿ, ಸುತ್ತ ನೋಡಿ. ಕಾಡು ಕಡಿದು ಬೋಳು ಮಾಡಿದ ಜಾಗ ಯಾವುದು? ಗಾಯ ನಮ್ಮ ಕಾಲ ಕೆಳಗೇ ಇದೆ, ಮಕ್ಕಳೇ. ನನ್ನ ಹುಲ್ಲುಹಾಸು. ಅದನ್ನು ಅಗೆಯಿರಿ. ಒಂದು ಅಂಗೈ ಹುಲ್ಲೂ ಉಳಿಯಬಾರದು. ಬಲೆ, ತೂಗುಬಲೆ, ಗುಲಾಬಿ, ಎಲ್ಲಾ ತೆಗೆಯಿರಿ. ನಾನು ಬಂದು ಮತ್ತೆ ಮನಸ್ಸು ಬದಲಾಯಿಸೋದಕ್ಕೆ ಮೊದಲು ಮುಗಿಸಿಬಿಡಿ. ನಾನು ದುರ್ಬಲ ಮನುಷ್ಯ."

ಆ ಕಡೆಯಿಂದ ಸಣ್ಣ ಸದ್ದು ಬಂತು. ಲೋಟೆ ಅಳುತ್ತಿದ್ದಳು. "ಇಂಜಿನಿಯರ್," ಎಂದಳು, "ನಾನು ರಾತ್ರಿ ಎಲ್ಲ ನಿದ್ದೆ ಇಲ್ಲ. ಆ ಅಮ್ಮ ಬಟ್ಟಲು ಚೆಲ್ಲಿದಾಗ ನನಗೆ ಅನಿಸಿತು. ನೀವು ಹೇಳಿದ್ದು, ನಾನು ತುಂಬಾ ಧನ್ಯವಾದ ಇದ್ದೇನೆ."

ಗುಂಡಿ ಬಿಟ್ಟೆ. ಅತ್ತೆ ಬೀಸುವುದನ್ನು ನಿಲ್ಲಿಸಿ, ಹಿಟ್ಟನ್ನು ಮುಟ್ಟಿ ನೋಡಿ, "ತರಿ ತರಿ ಆಯ್ತು," ಎಂದಳು. ಅಷ್ಟೇ.

ಯುರೋಪಿನ ಮಕ್ಕಳು ಕೆಲಸಗಳ್ಳರಲ್ಲ, ಅದನ್ನು ಹೇಳಲೇಬೇಕು. ಪಶ್ಚಾತ್ತಾಪ ಬೇರೆ ಸೇರಿತ್ತು. ಸಂಜೆಯ ಹೊತ್ತಿಗೆ ಹುಲ್ಲುಹಾಸು ಕಂಬಳಿ ಸುತ್ತಿದ ಹಾಗೆ ಸುತ್ತಿ ನದಿಯ ಬದಿಗೆ ಬಿದ್ದಿತ್ತು. ಮರುದಿನ ಊರಿನವರೂ ಬಂದರು. ಯಾಕೆ ಬಂದಿರಿ ಎಂದು ಹುಡುಗರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಗುಂಡಿಗಳು ಬಿದ್ದವು, ನಾನು ತೇನಾದಿಂದ ತಂದ ಸಸಿಗಳೆಲ್ಲ ಇಂಜಿನಿಯರರ ಕೋಣೆಯ ಮೆಟ್ಟಿಲಿನವರೆಗೂ ನಿಂತವು. ಒಂದು ಮಹಾಗನಿ ಸಸಿಯನ್ನು ಒಬ್ಬ ಡಚ್ ಹುಡುಗ ಬಾಗಿಲಿಗೆ ಎದುರಾಗಿಯೇ ನೆಟ್ಟ. ಬೆಳೆದರೆ ಇಂಜಿನಿಯರರು ಅಡ್ಡಡ್ಡವಾಗಿ ಹೊರಗೆ ಬರಬೇಕು. ಪ್ರತಿ ಸಸಿಗೂ ಹೆಸರಿನ ಹಲಗೆ. ಹೆಸರಿದ್ದ ಸಸಿಯನ್ನು ಕಿತ್ತರೆ ಹೆಸರಿನವರು ಮನೆಯಿಂದಲೇ ಬೊಬ್ಬೆ ಹೊಡೆಯುತ್ತಾರೆ, ಇದು ಇಂಜಿನಿಯರರೇ ಕಂಡುಹಿಡಿದ ಪದ್ಧತಿ.

ದೋಣಿಕಟ್ಟೆಯಲ್ಲಿ ಲೋಟೆ ಒಂದು ಬಿಳಿ ಬಟ್ಟೆ ಕಟ್ಟಿದ್ದಳು. ಅದರ ಮೇಲೆ ಆಳೆತ್ತರದ ಅಕ್ಷರ: 'ಗಾಯ ನಮ್ಮ ಕಾಲ ಕೆಳಗೇ ಇದೆ. ಇಂಜಿನಿಯರ್ ಫಾಬ್ರಿಸಿಯೊ ಮಂಚೇನೊ.'

ಮಧ್ಯಾಹ್ನದ ಮೇಲೆ ದೋಣಿ ಬಂತು. ಶ್ರೀಮತಿ ವೀಗಾಂಡ್ ಇಳಿಯುವುದಕ್ಕೆ ಮೊದಲೇ ಕನ್ನಡಕ ಏರಿಸಿ ಬಟ್ಟೆ ಓದಿದಳು. ಇಂಜಿನಿಯರರೂ ಓದಿದರು. ಆಮೇಲೆ ಕಣ್ಣು ಬಟ್ಟೆಯ ಆಚೆಗೆ ಹೋಯಿತು. ಹುಲ್ಲು ಇದ್ದ ಕಡೆ ಮಣ್ಣು, ಮಣ್ಣಿನ ತುಂಬ ಎಳೆ ಎಲೆ. ಅವರ ಬಾಯಿ ತೆರೆಯಿತು. ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತು ನಿಂತರು.

ಲೋಟೆ ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡಳು. ನಿನ್ನೆ ರೇಡಿಯೋದಲ್ಲಿ ಅವರು ಏನೇನು ಹೇಳಿದರೋ ಅದನ್ನೆಲ್ಲ ಶ್ರೀಮತಿ ವೀಗಾಂಡಳಿಗೆ ಹೇಳಿದಳು: ನದಿ ಕಣ್ಣು ತೆರೆಸಿದ್ದು, ತೋಟ ಕಡಿದ ತಪ್ಪು, ಹುಲ್ಲುಹಾಸಿನ ತ್ಯಾಗ. ಇಂಜಿನಿಯರರ ಕಣ್ಣು ನಿಧಾನವಾಗಿ ಹುಡುಗರ ಮೇಲೆ, ಊರವರ ಮೇಲೆ ಸುತ್ತಿ ನನ್ನ ಮೇಲೆ ಬಂದು ನಿಂತಿತು. ಅರ್ಥವಾಯಿತು, ನೋಡಿದೆ. ಅವರ ಕೆನ್ನೆಯ ಒಂದು ನರ ಹುಳುವಿನ ಹಾಗೆ ಹೊರಳಿತು.

ಹೇಳಬಹುದಿತ್ತು. 'ಅದು ನಾನಲ್ಲ, ನನ್ನ ದುಭಾಷಿ ನನ್ನ ಧ್ವನಿ ಕದ್ದಿದ್ದಾನೆ' ಎನ್ನಬಹುದಿತ್ತು. ಆಗ ಶ್ರೀಮತಿ ವೀಗಾಂಡ್ ಕೇಳುತ್ತಿದ್ದಳು: 'ಹಾಗಾದರೆ ಈ ಮುದುಕಿಯ ತೋಟವನ್ನು ಪೂರ್ತಿ ಕಡಿಯಿರಿ ಅಂದದ್ದು ಮಾತ್ರ ನೀವೋ?'

"ಇಂಜಿನಿಯರ್," ಶ್ರೀಮತಿ ವೀಗಾಂಡಳ ಕಣ್ಣಲ್ಲೂ ನೀರು. "ಎಷ್ಟು ಕೇಂದ್ರ ನೋಡಿದ್ದೇನೆ. ತಪ್ಪು ಒಪ್ಪಿಕೊಂಡವರನ್ನು ನೋಡಿರಲಿಲ್ಲ. ದಯವಿಟ್ಟು ಆ ಮಾತುಗಳನ್ನು ಇನ್ನೊಮ್ಮೆ ಹೇಳಿ. ನಮ್ಮ ಸದಸ್ಯರಿಗೆಲ್ಲ ತೋರಿಸಬೇಕು." ಅವಳು ಫೋನು ಎತ್ತಿ ಹಿಡಿದಳು.

"ಅದು... ಎದೆಯಿಂದ ಬಂದ ಮಾತು," ಎಂದರು ಇಂಜಿನಿಯರರು. "ಪದ ಪದ ನೆನಪಿಲ್ಲ."

"ಹೋಲ್ಗರ್‌ಗೆ ಬಾಯಿಪಾಠ ಇದೆ," ಎಂದಳು ಲೋಟೆ. "ನಿನ್ನೆಯಿಂದ ನಮಗೆ ಹೇಳುತ್ತಾ ಇದ್ದಾನೆ. ಸ್ವಲ್ಪ ನಿಮ್ಮ ಹಾಗೆಯೇ."

ನಾನು ಹೋಗಿ ಅವರ ಭುಜದ ಪಕ್ಕ ನಿಂತೆ. ಎಂಥ ಬೆವರು ಅದು, ಸುಗಂಧ ಹಾಕಿದ ಬೆವರು. "ನಿನ್ನನ್ನ ನೋಡ್ಕೋತೀನಿ," ಎಂದರು ತುಟಿ ಅಲುಗಿಸದೆ. "ಮೊದಲ ವಾಕ್ಯ ಅದಲ್ಲ," ಎಂದೆ ನಾನೂ ತುಟಿ ಅಲುಗಿಸದೆ. "ಮೊದಲು: 'ನಾನು ತಪ್ಪು ಮಾಡಿದೆ.'"

"ನಾನು," ಎಂದರು ಇಂಜಿನಿಯರರು ಫೋನಿಗೆ. "ನಾನು ತಪ್ಪು ಮಾಡಿದೆ."

ಗುಂಪಿನ ಹಿಂದಿನಿಂದ ಅತ್ತೆ ದಾರಿ ಮಾಡಿಕೊಂಡು ಬಂದಳು. "ಏನಂತ್ಲಾ?"

ಕೀಚ್ವಾದಲ್ಲಿ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಅವರ ಮುಖದ ಹತ್ತಿರಕ್ಕೆ ಬಂದಳು. ಇಂಜಿನಿಯರರಿಗೆ ಕೀಚ್ವಾ ಬಾರದು. ಇಷ್ಟು ವರ್ಷ ನಮ್ಮೂರಲ್ಲಿದ್ದೂ ಬಾರದು.

"ಹೇಳ್ಸು ಅವ್ನ್ ಬಾಯಲ್ಲಿ, ಅದು ತ್ವಾಟ ಅಂತ."

"ಅದು ತೋಟ," ಎಂದೆ. "ಅದು ಪೊದೆಯಲ್ಲ, ತೋಟ," ಎಂದರು ಇಂಜಿನಿಯರರು.

"ಯಾರ್‍ದು ಅಂತ ಕೇಳು. ಯಜಮಾನ್ರಿಲ್ಲ ಅಂದಿದ್ನಲ್ಲ ಗಂಡು."

"ಒಲಿಂಪಿಯಾ ತಾಪುಯ್ ಅವರ ತೋಟ," ಎಂದೆ. ಅವರೂ ಅಂದರು. ಹೆಸರು ಬಾಯಲ್ಲಿ ತಡವರಿಸಿತು, ಮೊದಲ ಸಲ ಹೇಳುತ್ತಿದ್ದರಲ್ಲ.

"ಅವಳನ್ನ ಕೇಳ್ದೆ ಒಂದ್ ಎಲೆ ಮುಟ್ಟಲ್ಲ ಅನ್ಸು. ಇವನೂ ಮುಟ್ಟಲ್ಲ, ಇವನ್ ಹಿಂದೆ ಬರೋ ಇನ್ನೊಬ್ಬ ಇಂಜಿನಿಯರ್‍ನೂ ಮುಟ್ಟಲ್ಲ."

ಅದನ್ನೂ ಅನ್ನಿಸಿದೆ. ಫೋನು ಅಲುಗಾಡದೆ ಎಲ್ಲವನ್ನೂ ನುಂಗುತ್ತಿತ್ತು.

"ನಾನೊಂದ್ ಕತ್ತೆ ಅನ್ಸು."

"ಬೇಡ ಅತ್ತೆ."

"ಯಾಕೆ, ಸುಳ್ಳಾ?"

"ಅವರು ಏನನ್ನುತ್ತಿದ್ದಾರೆ?" ಶ್ರೀಮತಿ ವೀಗಾಂಡ್ ಕೇಳಿದಳು.

"ಇಂಜಿನಿಯರರು ಒಂದು ವಾಕ್ಯ ಮರೆತರು ಅಂತ," ಎಂದೆ. ಅವರ ಕಡೆ ತಿರುಗಿ, "'ಕಣ್ಣಿದ್ದೂ ನಾನು ನೋಡಲಿಲ್ಲ.'"

ಇಂಜಿನಿಯರರು ಫೋನಿನತ್ತ ತಿರುಗಿದರು. "ಕಣ್ಣಿದ್ದೂ," ಎಂದರು, "ನಾನು ನೋಡಲಿಲ್ಲ." ಅದೊಂದೇ ವಾಕ್ಯ ಅವರ ನಿಜವಾದ ಧ್ವನಿಯಲ್ಲಿ ಬಂತು. ನಾನು ಈವರೆಗೆ ಅಣಕಿಸದ ಧ್ವನಿ, ತೆಳ್ಳಗೆ, ಒಳಗೆಲ್ಲೋ ತೂತು ಬಿದ್ದ ಹಾಗೆ.

ಶ್ರೀಮತಿ ವೀಗಾಂಡ್ ಫೋನು ಇಳಿಸಿ ಮೂಗು ಒರೆಸಿಕೊಂಡಳು. ಸಸಿಗಳ ನಡುವೆ ಎರಡು ಹೆಜ್ಜೆ ನಡೆದಳು. ಬಾಗಿಲ ಮುಂದಿನ ಮಹಾಗನಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು, ಇಂಜಿನಿಯರರ ಹೊಟ್ಟೆಯ ಸುತ್ತಳತೆಯನ್ನೂ ನೋಡಿದಳು.

"ಇದು ದೊಡ್ಡದಾದ ಮೇಲೆ ನೀವು ಒಳಗೆ ಹೋಗುವುದು ಹೇಗೆ?"

"ಕಿಟಕಿಯಿಂದ," ಎಂದ ಡಚ್ ಹುಡುಗ.

ಯಾರೋ ಕಿಸಕ್ಕೆಂದರು. ಲೋಟೆ ಅಳುತ್ತಿದ್ದವಳು ನಕ್ಕಳು. ನಮ್ಮ ಕಡೆಯ ಹೆಂಗಸರು ಎರಡು ದಿನದಿಂದ ಹಿಡಿದಿಟ್ಟದ್ದನ್ನು ಒಮ್ಮೆಲೇ ಬಿಟ್ಟರು. ಗಂಡಸರು ತೊಡೆ ಬಡಿದುಕೊಂಡರು. ಶ್ರೀಮತಿ ವೀಗಾಂಡ್ ನಗುತ್ತ ಇಂಜಿನಿಯರರ ಮುಖ ನೋಡಿದಳು. ಎಲ್ಲರೂ ಅವರ ಮುಖವನ್ನೇ ನೋಡಿದರು.

ಅವರು ಶ್ರೀಮತಿ ವೀಗಾಂಡಳ ಕೈಯಲ್ಲಿದ್ದ ಫೋನನ್ನು ನೋಡಿದರು. ಆಮೇಲೆ ಭುಜ ಅಲುಗಿತು. ಬಾಯಿ ಅಗಲವಾಯಿತು, ಹಲ್ಲು ಪೂರ್ತಿ ಕಂಡಿತು, ಹೊಟ್ಟೆ ಹಿಡಿದು ಮುಂದಕ್ಕೆ ಬಗ್ಗಿದರು.

ಅತ್ತೆ ನಗಲಿಲ್ಲ. ತಿರುಗಿ ತನ್ನ ಕತ್ತಿ ಎತ್ತಿಕೊಂಡು, ಕಡಿದ ಬುಡಗಳಲ್ಲಿ ಚಿಗುರುವುದು ಯಾವುದಾದರೂ ಇದೆಯೋ ನೋಡಲು ತೋಟದ ಕಡೆ ನಡೆದಳು. ನಾನೂ ಹಿಂದೆ ಹೋದೆ. ಕೆಂಪು ದಾರದ ತನಕವೂ ಬೆನ್ನ ಹಿಂದೆ ನಗು ಕೇಳುತ್ತಲೇ ಇತ್ತು, ಮಕ್ಕಳದು, ಹೆಂಗಸರದು, ಶ್ರೀಮತಿ ವೀಗಾಂಡಳದು. ಎಲ್ಲಕ್ಕಿಂತ ಜೋರಾಗಿ, ನಿಲ್ಲಿಸಲು ಧೈರ್ಯವಿಲ್ಲದವರಂತೆ, ಇಂಜಿನಿಯರರು ನಗುತ್ತಿದ್ದರು.